ಪದಚರ್ಚೆ: ಎಂಜಿನ್ ಆಯಿಲ್ ಸೋರುತ್ತದೋ, ಜಿನುಗುತ್ತದೋ, ಒಸರುತ್ತದೋ?

ಗೆಳೆಯರೆ,

ಹಳೇ ಕಾರುಗಳಲ್ಲಿ ಎಂಜಿನ್ ಆಯಿಲ್ ಎಲ್ಲಿಂದ ಹೊರಗೆ ಬರುತ್ತಿದೆ ಅಂತ ಪತ್ತೆ ಹಚ್ಚಿ, ಅದನ್ನು ನಿಲ್ಲಿಸುವ ಬಗ್ಗೆ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಕೆಲಸ ಕ್ರಿಯಾಪದದ ಹತ್ತಿರ ಬಂದು ನಿಂತಿದೆ. ಇಂಗ್ಲಿಷ್ ಕೈಪಿಡಿಗಳಲ್ಲಿ ವೀಪ್, ಸೀಪ್, ಡ್ರಿಪ್, ಲೀಕ್ ಅಂತ ಮೆಟ್ಟಿಲು ಮೆಟ್ಟಿಲಾಗಿ ಹೇಳುತ್ತಾರೆ. ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ಎಲ್ಲವೂ ‘ಲೀಕೇಜ್’. ಪತ್ರಿಕೆಗಳ ಕನ್ನಡದಲ್ಲಿ ಎಲ್ಲವೂ ‘ಸೋರಿಕೆ’. ಅನಿಲವೂ ಸೋರಿಕೆ, ಪ್ರಶ್ನೆಪತ್ರಿಕೆಯೂ ಸೋರಿಕೆ! ಹಾಗಂತ ಕನ್ನಡದಲ್ಲಿ ಪದಗಳಿಗೇನು ಬರವೇ? ಸೋರು, ಜಿನುಗು, ಒಸರು, ತೊಟ್ಟಿಕ್ಕು, ಚಿಮ್ಮು, ಕಕ್ಕು, ಬಸಿ. ಯಾವುದನ್ನು ಎಲ್ಲಿ ಬಳಸುವುದು ಅನ್ನುವುದೇ ಪ್ರಶ್ನೆ.

ಇಂಗ್ಲಿಷಿನವರು ಎಷ್ಟು ಬರುತ್ತಿದೆ ಅನ್ನುವುದರ ಮೇಲೆ ಹೆಸರಿಟ್ಟಿದ್ದಾರೆ. ನಮ್ಮ ಪದಗಳಲ್ಲಿ ಎಣ್ಣೆಯನ್ನು ಯಾವ ಬಲ ಹೊರಗೆ ತರುತ್ತಿದೆ ಅನ್ನುವುದೂ ಕೇಳಿಸುತ್ತದೆ ಅಂತ ನನ್ನ ಅನಿಸಿಕೆ. ರಿಪೇರಿ ಮಾಡುವವನಿಗೆ ಬೇಕಾಗಿರುವುದೂ ಅದೇ ಅಲ್ವಾ? ನಾನು ಹಂಚಿಕೊಂಡಿರುವ ರೀತಿ ಹೇಳುತ್ತೇನೆ. ಒಪ್ಪಿಗೆಯಾಗದ ಕಡೆ ತಿದ್ದಿ.

ಮೊದಲು ‘ಸೋರು’. ಇದು ಪಾತ್ರೆಯ ದೋಷ. ಮಡಕೆ ಸೋರುತ್ತದೆ, ನೀರೂ ಸೋರುತ್ತದೆ, ಎರಡನ್ನೂ ಅನ್ನಬಹುದು. ತೂತೋ ಬಿರುಕೋ ಇದೆ, ದ್ರವ ತನ್ನ ಭಾರಕ್ಕೆ ಕೆಳಗಿಳಿಯುತ್ತಿದೆ. ಎಂಜಿನ್ನಿನ ತಳದಲ್ಲಿರುವ ಆಯಿಲ್ ಸಂಪ್, ಅಂದರೆ ಮೆಕ್ಯಾನಿಕ್‌ಗಳ ‘ಚೇಂಬರ್’, ಅದರ ಪ್ಯಾಕಿಂಗ್ (ಸಂದು ಮುಚ್ಚುವ ಪಟ್ಟಿ, ಗ್ಯಾಸ್ಕೆಟ್) ಹೋದಾಗ ಆಗುವುದು ಇದೇ. ಎಂಜಿನ್ ಆಫ್ ಇದ್ದರೂ ಸೋರುತ್ತದೆ. ಹಳೇ ಆಯಿಲ್ ಬಸಿಯಲು ಬಿಚ್ಚುವ ಬೋಲ್ಟಿನ ತಾಮ್ರದ ವಾಷರ್ ಹಳತಾಗಿದ್ದರೂ ಹೀಗೇ.

‘ಚಿಮ್ಮು’ ಬೇರೆ. ಆಯಿಲ್ ಪಂಪ್ ಒತ್ತಡ ಕೊಡುವ ದಾರಿಯಲ್ಲಿ ಎಲ್ಲಾದರೂ ಸಂದು ಬಿಟ್ಟರೆ ಎಂಜಿನ್ ಓಡುವಾಗ ಮಾತ್ರ ಎಣ್ಣೆ ಹೊರಗೆ ಬರುತ್ತದೆ, ಆಫ್ ಮಾಡಿದರೆ ಹೆಚ್ಚುಕಮ್ಮಿ ನಿಲ್ಲುತ್ತದೆ. ಆಯಿಲ್ ಪ್ರೆಶರ್ ಸ್ವಿಚ್, ಫಿಲ್ಟರ್ ಕೂರುವ ಜಾಗ, ಹೊರಗಿನ ಆಯಿಲ್ ಪೈಪಿನ ಜೋಡಣೆ, ಇವುಗಳನ್ನೇ ಮೊದಲು ನೋಡಬೇಕು. ಇದಕ್ಕೆ ‘ಸೋರಿಕೆ’ ಅಂತ ಬರೆದರೆ ಓದುಗ ಗಾಡಿ ನಿಲ್ಲಿಸಿ ಕೆಳಗೆ ಇಣುಕುತ್ತಾನೆ, ಏನೂ ಕಾಣುವುದಿಲ್ಲ. ಅಷ್ಟರಲ್ಲಿ ಆಯಿಲ್ ಮಟ್ಟ ಬೇಗ ಇಳಿದಿರುತ್ತದೆ. ಇದು ಎಲ್ಲಕ್ಕಿಂತ ಅಪಾಯದ್ದು, ಹಾಗಾಗಿ ಜೋರಾದ ಪದವೇ ಇರಲಿ.

ನನಗೆ ಜಾಸ್ತಿ ತಲೆ ತಿಂದಿರುವುದು ‘ಒಸರು’ ಮತ್ತು ‘ಕಕ್ಕು’. ಪಿಸ್ಟನ್ ರಿಂಗ್‌ಗಳನ್ನು ದಾಟಿ ಸ್ವಲ್ಪ ಉರಿದ ಅನಿಲ ಯಾವ ಎಂಜಿನ್ನಿನಲ್ಲೂ ಕೆಳಗಿನ ಕ್ರ್ಯಾಂಕ್‌ಕೇಸಿಗೆ, ಅಂದರೆ ಕ್ರ್ಯಾಂಕ್ ಶಾಫ್ಟ್ ತಿರುಗುವ ಗೂಡಿಗೆ, ಇಳಿಯುತ್ತದೆ. ಅದು ಹೊರಗೆ ಹೋಗಲು ಒಂದು ಉಸಿರುಗಂಡಿ ಇರುತ್ತದೆ, ಬ್ರೀದರ್. ಹಳೇ ಎಂಜಿನ್‌ಗಳಲ್ಲಿ ಅದು ಬರೀ ಒಂದು ಕೊಳವೆ, ಅನಿಲವನ್ನು ನೇರ ಹೊರಗಿನ ಗಾಳಿಗೆ ಬಿಡುತ್ತಿತ್ತು. 1960ರ ದಶಕದಿಂದ ಅದನ್ನು ಮತ್ತೆ ಇನ್‌ಟೇಕಿಗೆ, ಅಂದರೆ ಎಂಜಿನ್ ಗಾಳಿ ಎಳೆದುಕೊಳ್ಳುವ ದಾರಿಗೆ, ಕಳಿಸುವ ವಾಲ್ವ್ ಸಾಮಾನ್ಯವಾಯಿತು. ಈ ದಾರಿ ಮಸಿಯಿಂದ ಕಟ್ಟಿಕೊಂಡರೆ ಒಳಗೆ ಒತ್ತಡ ಕೂಡುತ್ತದೆ. ಆಗ ಎಣ್ಣೆ ಸಿಕ್ಕ ಸಿಕ್ಕ ಸೀಲಿನಿಂದ (ತಿರುಗುವ ಶಾಫ್ಟಿನ ಸುತ್ತ ಎಣ್ಣೆ ತಡೆಯುವ ರಬ್ಬರ್ ಬಳೆ) ಹೊರಗೆ ಬರುತ್ತದೆ, ಕೆಲವೊಮ್ಮೆ ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ಕೂಡ ಮೇಲಕ್ಕೆ ಏಳುತ್ತದೆ. ಸೀಲಿನದು ಏನೂ ತಪ್ಪಿರುವುದಿಲ್ಲ, ಪಾಪ. ಹೊಸ ಸೀಲ್ ಹಾಕಿದರೂ ಸ್ವಲ್ಪ ದಿನಕ್ಕೆ ಅದೇ ಕತೆ. ‘ಸೋರುತ್ತಿದೆ’ ಅಂದರೆ ಪಾತ್ರೆಯನ್ನು ದೂರಿದ ಹಾಗಾಯಿತು. ಒಳಗಿನಿಂದ ಒತ್ತಿ ಹೊರಗೆ ತಳ್ಳುವುದಕ್ಕೆ, ಸಣ್ಣದಾದರೆ ‘ಒಸರು’, ದೊಡ್ಡದಾದರೆ ‘ಕಕ್ಕು’ ಅಂತ ಇಟ್ಟುಕೊಂಡಿದ್ದೇನೆ. ‘ಎಂಜಿನ್ ಆಯಿಲ್ ಕಕ್ಕುತ್ತಿದ್ದರೆ ಮೊದಲು ಬ್ರೀದರ್ ಬಿಚ್ಚಿ ತೊಳೆಯಿರಿ, ಆಮೇಲೆ ಸೀಲ್ ಮುಟ್ಟಿ’ ಅಂತ ಬರೆದರೆ ವಾಕ್ಯವೂ ಚುರುಕಾಗಿರುತ್ತದೆ. ‘ಕಕ್ಕು’ ಬರಹದಲ್ಲಿ ಒರಟಾಯಿತು ಅಂತ ಯಾರಿಗಾದರೂ ಅನಿಸುತ್ತದಾ? ನನಗಂತೂ ಅನಿಸುವುದಿಲ್ಲ.

‘ಜಿನುಗು’ ಹಣೆಯ ಬೆವರಿನ ಹಾಗೆ. ಮೇಲ್ಮೈ ಒದ್ದೆಯಾಗುತ್ತದೆ, ಹನಿ ಬೀಳುವುದಿಲ್ಲ. ಎಂಜಿನ್ನಿನ ನೆತ್ತಿಯ ಮುಚ್ಚಳ, ಟ್ಯಾಪೆಟ್ ಕವರಿನ ಅಂಚಿನ ಮೇಲೆ ಬೆರಳು ಎಳೆದರೆ ಕರಿ ಜಿಡ್ಡು ಹತ್ತುತ್ತದೆ, ಧೂಳು ಕೂತು ದಪ್ಪಗಾಗಿರುತ್ತದೆ, ಆದರೆ ನೆಲ ಒಣಗಿರುತ್ತದೆ. ಹಳೇ ಎಂಜಿನ್ನಿನಲ್ಲಿ ಇದನ್ನು ಒರೆಸಿ, ಕಣ್ಣಿಟ್ಟು ಸುಮ್ನಿರುವುದೇ ಒಳ್ಳೆಯದು. ‘ಸೋರಿಕೆ’ ಅಂದುಬಿಟ್ಟರೆ ಜನ ಗಾಬರಿಯಾಗಿ ಬೋಲ್ಟ್ ಬಿಗಿಯುತ್ತಾರೆ. ಕಾರ್ಕ್ ಪ್ಯಾಕಿಂಗ್ ಮೇಲೆ ಜಾಸ್ತಿ ಬಿಗಿದರೆ ಅದು ಹಿಂಡಿಕೊಂಡು ಆಚೆ ಬರುತ್ತದೆ ಅಥವಾ ಸೀಳುತ್ತದೆ. ತಗಡಿನ ಕವರ್ ಆದರೆ ಬೋಲ್ಟಿನ ತೂತಿನ ಸುತ್ತ ತಗ್ಗಾಗಿ, ನಡುವೆ ಅಂಚು ಮೇಲೆದ್ದು, ಜಿನುಗುತ್ತಿದ್ದದ್ದು ನಿಜವಾಗಿ ಸೋರಲು ಶುರುವಾಗುತ್ತದೆ. ಆಮೇಲೆ ಕವರ್ ಬಿಚ್ಚಿ, ಮರದ ತುಂಡಿನ ಮೇಲಿಟ್ಟು, ಆ ತಗ್ಗುಗಳನ್ನು ಮೆಲ್ಲಗೆ ತಟ್ಟಿ ಸಮ ಮಾಡದೆ ಬೇರೆ ದಾರಿಯಿಲ್ಲ.

‘ತೊಟ್ಟಿಕ್ಕು’ ಅಂದರೆ ಹನಿ ಬೀಳುವುದು, ಅದರಲ್ಲಿ ತಕರಾರಿಲ್ಲ. ಆದರೆ ಕೈಪಿಡಿಯಲ್ಲಿ ‘ತೊಟ್ಟಿಕ್ಕುವ ಜಾಗ’ ಮತ್ತು ‘ಹೊರಡುವ ಜಾಗ’ ಬೇರೆ ಬೇರೆಯಾಗಿಯೇ ಇರಬೇಕು. ಎಣ್ಣೆ ಮೇಲಿನಿಂದ ಇಳಿಯುತ್ತದೆ, ಫ್ಯಾನಿನ ಗಾಳಿ ಮತ್ತು ಓಟದ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಕಡೆಯ ಬೆಲ್ ಹೌಸಿಂಗಿನ ಕೆಳಗೆ ಹನಿ ಕಂಡ ಕೂಡಲೇ ಕ್ರ್ಯಾಂಕಿನ ಹಿಂದಿನ ಸೀಲ್ ಹೋಗಿದೆ ಅಂತ ತೀರ್ಪು ಕೊಟ್ಟು ಗೇರ್‌ಬಾಕ್ಸ್ ಇಳಿಸುವವರಿದ್ದಾರೆ. ಎಷ್ಟೋ ಸಲ ಅದು ಟ್ಯಾಪೆಟ್ ಕವರಿನ ಹಿಂದಿನ ಮೂಲೆಯಿಂದ ಎಂಜಿನ್ ಬೆನ್ನ ಮೇಲೆ ಹರಿದು ಬಂದಿರುತ್ತದೆ. ಈ ಹರಿದ ಗೆರೆಗೆ ‘ಜಾಡು’ ಅನ್ನುತ್ತಿದ್ದೇನೆ. ಎಂಜಿನ್ ತೊಳೆದು, ಪೂರ್ತಿ ಒಣಗಿಸಿ, ಅನುಮಾನದ ಕಡೆ ಟಾಲ್ಕಂ ಪೌಡರ್ ತೆಳುವಾಗಿ ಉದುರಿಸಿ, ಬಿಸಿಯಾಗುವವರೆಗೆ ಓಡಿಸಿದರೆ ಬಿಳಿ ಪುಡಿಯಲ್ಲಿ ಕಂದು ಗೆರೆ ಮೂಡುತ್ತದೆ. ಅದರ ತುತ್ತತುದಿ ಎಲ್ಲಿದೆಯೋ ಅಲ್ಲಿ ರಿಪೇರಿ. ‘ಜಾಡು ಹಿಡಿ’ ಅನ್ನುವ ನುಡಿಗಟ್ಟು ಇಲ್ಲಿ ಎಷ್ಟು ಸಲೀಸಾಗಿ ಕೂರುತ್ತದೆ ನೋಡಿ.

‘ಬಸಿ’ ಬೇಕಂತಲೇ ಮಾಡುವ ಕೆಲಸ. ಗಂಜಿ ಬಸಿಯುತ್ತೇವೆ, ಹಳೇ ಆಯಿಲ್ ಬಸಿಯುತ್ತೇವೆ. ‘ಆಯಿಲನ್ನು ಸೋರಿಸಿ’ ಅಂತ ಬರೆದಿರುವುದನ್ನು ಓದಿದ್ದೇನೆ, ದಯವಿಟ್ಟು ಬೇಡ. ಇನ್ನು ನೀಲಿ ಹೊಗೆ ಬಿಟ್ಟುಕೊಂಡು ಆಯಿಲ್ ಕಡಿಮೆಯಾಗುತ್ತಿದ್ದರೆ ಅದು ಉರಿಯುತ್ತಿದೆ ಅಂತ ಅರ್ಥ. ಅದಕ್ಕೆ ‘ಎಂಜಿನ್ ಆಯಿಲ್ ಕುಡೀತಿದೆ’ ಅನ್ನುವ ಮಾತು ಆಗಲೇ ಚಾಲ್ತಿಯಲ್ಲಿದೆ. ಎಣ್ಣೆ ಅಂದರೆ ಆಡುಮಾತಿನಲ್ಲಿ ಇನ್ನೊಂದೂ ಇರುವುದರಿಂದ ‘ಎಣ್ಣೆ ಕುಡಿಯುವ ಎಂಜಿನ್’ ಅಂತ ಶೀರ್ಷಿಕೆ ಕೊಡುವ ಧೈರ್ಯ ಮಾಡಿಲ್ಲ.

ಒಂದು ವಿಚಿತ್ರ ಸಂದರ್ಭ ಉಳಿದಿದೆ. ಮಾರಿಸ್ ಮೈನರ್‌ನಂಥ ಹಳೇ ಬ್ರಿಟಿಷ್ ಕಾರುಗಳಲ್ಲಿ ಬರುವ ಬಿಎಂಸಿ ಎ-ಸೀರೀಸ್ ಎಂಜಿನ್ನಿನ ಕ್ರ್ಯಾಂಕಿನ ಹಿಂಬದಿಯಲ್ಲಿ ರಬ್ಬರ್ ಸೀಲೇ ಇಲ್ಲ. ಕ್ರ್ಯಾಂಕಿನ ಮೇಲೆ ತಿರುಪಿನ ಗೆರೆಗಳನ್ನು ಕೊರೆದಿರುತ್ತಾರೆ. ತಿರುಗುವಾಗ ಅವು ಎಣ್ಣೆಯನ್ನು ಒಳಕ್ಕೇ ಸುತ್ತಿ ಕಳಿಸುತ್ತವೆ. ನಿಂತಾಗ ಒಂದೆರಡು ಹನಿ ಬಿದ್ದರೆ ಅದು ವಿನ್ಯಾಸದ ಭಾಗ. ದೋಷವಲ್ಲದ ಈ ತೊಟ್ಟಿಗೆ ‘ಸೋರಿಕೆ’ ಅನ್ನಲು ನನಗೆ ಮನಸ್ಸಿಲ್ಲ. ‘ಜಿನುಗು’ ಅನ್ನೋಣವೆಂದರೆ ಹನಿ ಬೀಳುತ್ತದಲ್ಲ! ಬೇರಿಂಗ್ ಸವೆದು ಅಥವಾ ಬ್ರೀದರ್ ಕಟ್ಟಿಕೊಂಡು ಅದೇ ಜಾಗದಿಂದ ಜಾಸ್ತಿ ಬಂದರೆ ಮಾತ್ರ ದೋಷ. ಇವೆರಡಕ್ಕೂ ಬೇರೆ ಬೇರೆ ಪದ ಹೊಳೆದರೆ ತಿಳಿಸಿ.

ಭಾಗಗಳ ಹೆಸರು ಗ್ಯಾಸ್ಕೆಟ್, ಸೀಲ್, ಬ್ರೀದರ್ ಅಂತಲೇ ಇರಲಿ, ಹೊಸದಾಗಿ ಟಂಕಿಸುವ ಆಸೆ ಇಲ್ಲ. ‘ಸೀಲ್ ಹೋಗಿದೆ’ ಅನ್ನುವುದನ್ನು ಮಾತ್ರ ಬಿಡಿಸಿ ಬರೆಯಬೇಕು. ರಬ್ಬರ್ ಗಟ್ಟಿಯಾಗಿದೆಯೋ, ತುಟಿ ಹರಿದಿದೆಯೋ, ಅಥವಾ ಸೀಲ್ ಸರಿಯಿದ್ದು ಅದು ಉಜ್ಜಿದ ಕಡೆ ಶಾಫ್ಟ್ ಸವೆದಿದೆಯೋ? ಕೊನೆಯದಾದರೆ ಉಗುರು ಆಡಿಸಿದಾಗ ಸಿಕ್ಕಿಕೊಳ್ಳುವಷ್ಟು ಗೆರೆ ಬಿದ್ದಿರುತ್ತದೆ. ಅಲ್ಲಿ ಹೊಸ ಸೀಲ್ ಬರೀ ದುಡ್ಡು ದಂಡ. ಶಾಫ್ಟ್ ಮೇಲೆ ತೆಳುವಾದ ಉಕ್ಕಿನ ತೋಳು ಏರಿಸಬೇಕು, ಇಲ್ಲವೇ ಜಾಗವಿದ್ದರೆ ಸೀಲನ್ನು ಕೊಂಚ ಹಿಂದೆ ಮುಂದೆ ಕೂರಿಸಬೇಕು. ಆ ಗೆರೆಗೆ ‘ಸವೆಗೆರೆ’ ಅಂತ ಬರೆದಿದ್ದೇನೆ.

ಕೊನೆಗೆ ಎರಡು ಪ್ರಶ್ನೆ. ‘ಒಸರು’ ನಿಮ್ಮ ಕಡೆ ಆಡುಮಾತಿನಲ್ಲಿದೆಯಾ, ಇಲ್ಲಾ ಪುಸ್ತಕದ ಪದವಾಗಿ ಕೇಳಿಸುತ್ತದಾ? ಮತ್ತೆ, 20ಡಬ್ಲ್ಯೂ-50ರಂಥ ದಪ್ಪ ಆಯಿಲ್ ಬಗ್ಗೆ ಹೇಳುವಾಗ ‘ಸ್ನಿಗ್ಧತೆ’ (ವಿಸ್ಕಾಸಿಟಿ) ಬಿಟ್ಟು ‘ಮಂದ’ ಅಂದರೆ ಸಾಕಾಗುತ್ತದಾ? ‘ಬಿಸಿಯಾದ ಮೇಲೂ ಮಂದವಾಗಿಯೇ ಉಳಿಯುವ ಆಯಿಲ್’ ಅಂತ ಬರೆದಿದ್ದೇನೆ, ಓದಿದ ಒಬ್ಬರು ಅದನ್ನು ‘ನಿಧಾನ’ ಅಂತ ಅರ್ಥ ಮಾಡಿಕೊಂಡರು.