ಸಹಾಯ ಬೇಕು: ಹೋಬಳಿಯ ಕೃಷಿ ಸಬ್ಸಿಡಿ ಪಟ್ಟಿ ಪಡೆಯುವುದು ಹೇಗೆ?

ನಮಸ್ಕಾರ. ನಮ್ಮ ಹೋಬಳಿಯಲ್ಲಿ ತುಂತುರು ನೀರಾವರಿ ಪೈಪು, ಟಾರ್ಪಾಲಿನ ಸಬ್ಸಿಡಿ ಯಾರ್ಯಾರಿಗೆ ಹೋಗಿದೆ ಎಂದು ಕೇಳಿದರೆ, ಕಚೇರಿಯಲ್ಲಿ ‘ಪಟ್ಟಿ ಕೊಡಲು ಬರುವುದಿಲ್ಲ’ ಎನ್ನುತ್ತಾರೆ. ಎರಡು ವರ್ಷದಿಂದ ಅಪ್ಪ ಪಹಣಿ, ಆಧಾರ್ ಪ್ರತಿ ಹಿಡಿದು ಅಲೆಯುತ್ತಿದ್ದಾರೆ. ಪಹಣಿ ಮಡಿಕೆಯಲ್ಲಿ ಹರಿದು, ಅನ್ನದ ಅಗುಳು ಹಚ್ಚಿ ಅಂಟಿಸಿದ್ದೇವೆ.

ಮಾಹಿತಿ ಹಕ್ಕು ಕಾಯ್ದೆ 2005ರ 4(1)(ಬಿ) ಪ್ರಕಾರ ಸಬ್ಸಿಡಿಯ ಮೊತ್ತ, ಫಲಾನುಭವಿಗಳ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ಬೆಳೆಹಾನಿ ಪರಿಹಾರದ ಪಟ್ಟಿ ಊರುವಾರು ಮೊಬೈಲಿನಲ್ಲೇ ಸಿಗುವಾಗ ಇದಕ್ಕೇಕೆ ಮುಚ್ಚುಮರೆ?

ಮಾಹಿತಿ ಹಕ್ಕು ಅರ್ಜಿಯ ಶುಲ್ಕಕ್ಕೆಂದು 10 ರೂಪಾಯಿಯ ಪೋಸ್ಟಲ್ ಆರ್ಡರ್ ತಂದಿಟ್ಟಿದ್ದೇನೆ. ಇಂತಹ ಅರ್ಜಿ ಹಾಕಿ ಪಟ್ಟಿ ಪಡೆದವರಿದ್ದರೆ, ಅದರ ಒಕ್ಕಣೆಯನ್ನು ದಯವಿಟ್ಟು ಹಂಚಿಕೊಳ್ಳಿ. ‘ಖಾಸಗಿ ಮಾಹಿತಿ’ ಎಂದು ತಿರಸ್ಕರಿಸಿದರೆ ಮೇಲ್ಮನವಿಯಲ್ಲಿ ಏನು ಬರೆಯಬೇಕು?