ಪದ ಬೇಕು: ನಿಲ್ಲದೆ ಸುತ್ತುವ ಆಟಕ್ಕೆ ‘ಸ್ಥಿರ’ ಅನ್ನಬಹುದಾ?

ಹಾಸನದಿಂದ:
ಎಲ್ಲರಿಗೂ ನಮಸ್ಕಾರ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಕಲ್ಲು-ಕಾಗದ-ಕತ್ತರಿ ಆಟದ ಬೋರ್ಡ್ ಮಾಡ್ತಿದ್ದೇವೆ. ನಾಳೆ ಬೆಳಿಗ್ಗೆ ಫ್ಲೆಕ್ಸ್‌ಗೆ ಕೊಡಬೇಕು. ಇಬ್ಬರೂ ಮೂರನ್ನೂ ಸಮಸಮವಾಗಿ, ಎದುರಿನವರಿಗೆ ಸುಳಿವು ಸಿಗದ ಹಾಗೆ ಆಡಿದರೆ, ಆಟ ಬದಲಾಯಿಸಿ ಯಾರಿಗೂ ಲಾಭವಿಲ್ಲ. ಗಣಿತಜ್ಞ ಜಾನ್ ನ್ಯಾಶ್ 1950ರಲ್ಲಿ ಹೇಳಿದ ಸಮತೋಲನ ಇದು. ಆದರೆ ದೊಡ್ಡ ಗುಂಪಿನಲ್ಲಿ, ಗೆಲ್ಲುವವರನ್ನು ನೋಡಿ ಉಳಿದವರೂ ಹಾಗೇ ಆಡತೊಡಗಿದರೆ? ಕಲ್ಲಿನವರು ಜಾಸ್ತಿಯಾದರೆ ಕಾಗದದವರು ಏರುತ್ತಾರೆ, ಅವರ ಹಿಂದೆ ಕತ್ತರಿಯವರು, ಮತ್ತೆ ಕಲ್ಲು. ಗೆಲುವಿನ ಲಾಭ, ಸೋಲಿನ ನಷ್ಟ ಎರಡೂ ಸಮವಾಗಿದ್ದರೆ ಈ ಸುತ್ತು ನಡುವಿಗೆ, ಅಂದರೆ ಮೂರೂ ಬಗೆಯವರು ಸಮಸಮ ಇರುವಲ್ಲಿಗೆ, ಮರಳುವುದೂ ಇಲ್ಲ, ದೂರ ಸರಿಯುವುದೂ ಇಲ್ಲ. ಇದನ್ನು ‘ಸ್ಥಿರ’ ಅನ್ನಬಹುದಾ?

ಚಿಕ್ಕಮಗಳೂರಿನಿಂದ:
‘ಸ್ಥಿರ’ ಬೇಡವೇ ಬೇಡ. ‘ಸಮತೋಲನ’ವೂ ಯಾಕೆ? ಅದು ಸಂಸ್ಕೃತದ ತುಲೆ. ನಮ್ಮಲ್ಲಿ ‘ತೂಗು’ ಇದೆ. ತಕ್ಕಡಿಯಲ್ಲಿ ತೂಗುವುದೂ ಅದೇ, ತೊಟ್ಟಿಲು ತೂಗುವುದೂ ಅದೇ. ಸಂಜೆ ತೋಟದಲ್ಲಿ ಕಾಫಿ ಹಣ್ಣಿನ ಚೀಲವನ್ನು ಕೊಕ್ಕೆಗೆ ಸಿಕ್ಕಿಸಿ ನೋಡಿ. ಮುಳ್ಳು ಮೊದಲು ತೂಗಾಡುತ್ತದೆ, ಆಮೇಲೆ ತೂಕ ತೋರಿಸುತ್ತದೆ. ಸರಿತೂಕ, ತೂಗಾಟ. ಒಂದೇ ಬೇರಿಂದ ಎರಡೂ ಸಿಕ್ಕವು. ಬರೆದುಕೊಳ್ಳಿ.

ಹಾಸನದಿಂದ:
ಸಾರ್, ಸರಿತೂಕ ಚೆನ್ನಾಗಿದೆ. ತೂಗಾಟ ಇಲ್ಲಿ ಕೂರುವುದಿಲ್ಲ. ನಿಮ್ಮ ಮುಳ್ಳು ಆಚೀಚೆ ಆಡಿ ನಿಲ್ಲುತ್ತದೆ. ಇದು ನಿಲ್ಲುವುದಿಲ್ಲ, ಒಂದೇ ದಿಕ್ಕಿಗೆ ಸುತ್ತುತ್ತದೆ. ಕ್ಯಾಲಿಫೋರ್ನಿಯಾದ ಒಂದು ಹಲ್ಲಿಯಲ್ಲೂ ಹೀಗೇ ಅಂತ 1996ರಲ್ಲಿ ಜೀವವಿಜ್ಞಾನಿಗಳಾದ ಸಿನೆರ್ವೋ, ಲೈವ್ಲಿ ಬರೆದರು. ಕಿತ್ತಳೆ ಗಂಟಲಿನ ಗಂಡು ನೀಲಿಯದನ್ನು ಮೀರಿಸುತ್ತದೆ, ನೀಲಿ ಹಳದಿಯನ್ನು, ಹಳದಿ ಕಿತ್ತಳೆಯನ್ನು. ಇನ್ನೊಂದು ವಿಷಯ. ಗೆಲುವಿನ ಲಾಭ ಸೋಲಿನ ನಷ್ಟಕ್ಕಿಂತ ಹೆಚ್ಚಿದ್ದರೆ ಸುತ್ತು ನಡುವಿಗೆ ಬಂದು ಸೇರುತ್ತದೆ. ಕಡಿಮೆಯಿದ್ದರೆ ಅಂಚಿಗೆ, ಅಂದರೆ ಒಂದೇ ಬಗೆಯವರು ಹೆಚ್ಚುಕಡಿಮೆ ಎಲ್ಲೆಡೆ ತುಂಬುವ ಕಡೆಗೆ, ಹೋಗುತ್ತದೆ. ಇವಕ್ಕೆ ಒಳಸುತ್ತು, ಹೊರಸುತ್ತು ಅಂತ ಬರೆಯುತ್ತೇನೆ. ಮೊದಲು ಕೇಳಿದ್ದಕ್ಕೆ ‘ಸಮಸುತ್ತು’ ಆಗಬಹುದಾ?

ಚಿಕ್ಕಮಗಳೂರಿನಿಂದ:
ಆಗದು. ‘ಸಮ’ ಸಂಸ್ಕೃತ. ಬೆರಕೆ ಪದ.

ಸಕಲೇಶಪುರದಿಂದ:
ಹಾಗಾದರೆ ಆಟದ ಹೆಸರಿಂದಲೇ ಶುರು ಮಾಡಿ. ಕಾಗದ ಪಾರ್ಸಿಯದು. ಕತ್ತರಿ ಸಂಸ್ಕೃತದ ಕರ್ತರಿ. ಅಚ್ಚಗನ್ನಡವಾಗಿ ಉಳಿಯುವುದು ಕಲ್ಲೊಂದೇ. ಈ ಪದಗಳನ್ನು ನಾವು ಬಿಟ್ಟಿದ್ದೇವಾ? ಮಕ್ಕಳು ದಿನಾ ಆಡುವ ಮಾತು ಇವು. ಮೇಡಂ, ‘ಸಮಸುತ್ತು’ ಬಾಯಲ್ಲಿ ಸಲೀಸಾಗಿ ನಿಲ್ಲುತ್ತದೆ, ಅರ್ಥವೂ ಸರಿಯಾಗಿದೆ. ಅದನ್ನೇ ಫ್ಲೆಕ್ಸ್‌ಗೆ ಕೊಡಿ. ‘ಸ್ಥಿರ’ ಮಾತ್ರ ಹಾಕಬೇಡಿ. ಓದಿದವರು ಆಟ ನಿಂತೇ ಹೋಯಿತು ಅಂದುಕೊಳ್ಳುತ್ತಾರೆ.