‘ಇನ್‌ವಾಲಂಟರಿ ಸರ್ವಿಟ್ಯೂಡ್’: ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಜೈಲುಗಳಲ್ಲಿ ಕೈದಿಗಳನ್ನು ಬಲವಂತವಾಗಿ ದುಡಿಸುವುದರ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಅಲ್ಲಿನ ಸಂವಿಧಾನಕ್ಕೆ 1865ರಲ್ಲಿ ಬಂದ 13ನೇ ತಿದ್ದುಪಡಿ ಗುಲಾಮಗಿರಿಯನ್ನೂ ‘ಇನ್‌ವಾಲಂಟರಿ ಸರ್ವಿಟ್ಯೂಡ್’ ಅನ್ನುವುದನ್ನೂ, ಅಂದರೆ ಒಲ್ಲೆ ಅನ್ನಲು ಬಿಡದೆ ದುಡಿಸಿಕೊಳ್ಳುವುದನ್ನೂ, ನಿಲ್ಲಿಸಿತು. ಆದರೆ ಅಪರಾಧಕ್ಕೆ ಶಿಕ್ಷೆಯಾಗಿದ್ದರೆ ಪರವಾಗಿಲ್ಲ ಅಂತ ನಡುವೆ ಒಂದು ವಿನಾಯಿತಿ ಇಟ್ಟಿತು. ಆ ವಿನಾಯಿತಿಯನ್ನು ಕಿತ್ತುಹಾಕಬೇಕು ಅನ್ನುವುದೇ ಈಗಿನ ಹೋರಾಟ. ನನಗೆ ಆ ಎರಡನೇ ಪದಕ್ಕೆ ಕನ್ನಡ ಬೇಕು.

ಪದಕ್ಕೆ ಇಷ್ಟು ತಲೆಕೆಡಿಸಿಕೊಳ್ಳುವುದಕ್ಕೆ ಕಾರಣ ಇದೆ. ಅಲ್ಲಿನ ಕೆಲವು ರಾಜ್ಯಗಳ ಸ್ವಂತ ಸಂವಿಧಾನಗಳಲ್ಲೂ ಇಂಥದ್ದೇ ವಿನಾಯಿತಿಗಳಿವೆ. ಅದನ್ನು ತೆಗೆಯೋಣವೇ ಅಂತ 2024ರ ನವೆಂಬರ್‌ನಲ್ಲಿ ನೆವಾಡ, ಕ್ಯಾಲಿಫೋರ್ನಿಯಾ ಎರಡೂ ಮತದಾರರನ್ನು ಕೇಳಿದವು. ನೆವಾಡದ ಪ್ರಶ್ನೆಯಲ್ಲಿ ‘ಗುಲಾಮಗಿರಿ’ ಅನ್ನುವ ಮಾತೂ ಇತ್ತು, ಗೆದ್ದಿತು. ಕ್ಯಾಲಿಫೋರ್ನಿಯಾದ 6ನೇ ಪ್ರಸ್ತಾವದಲ್ಲಿ ಬರೀ ಇನ್‌ವಾಲಂಟರಿ ಸರ್ವಿಟ್ಯೂಡ್ ಇತ್ತು, ಸೋತಿತು. ಬೇರೆ ಕಾರಣಗಳೂ ಇದ್ದಾವು. ಆದರೆ ಜನಕ್ಕೆ ಆ ಪದವೇ ಅರ್ಥವಾಗಲಿಲ್ಲ ಅಂತ ಆಗ ಬಹಳ ಮಂದಿ ಹೇಳಿದರು. ಕೊಲರಾಡೊದಲ್ಲೂ ಹಾಗೇ. 2016ರಲ್ಲಿ ಪ್ರಶ್ನೆಯ ವಾಕ್ಯ ಗೋಜಲಾಗಿತ್ತು, ಸೋತಿತು. 2018ರಲ್ಲಿ ನೆಟ್ಟಗೆ ಬರೆದರು, ಗೆದ್ದಿತು. ಕ್ಯಾಲಿಫೋರ್ನಿಯಾದಲ್ಲಿ ಮತ ಹಾಕುವ ಕನ್ನಡದವರೂ ಇದ್ದಾರೆ. ಅವರಿಗೂ ಇಲ್ಲಿಯವರಿಗೂ ಓದಿದ ಕೂಡಲೇ ಅರ್ಥವಾಗಬೇಕು.

‘ಅನೈಚ್ಛಿಕ ದಾಸ್ಯ’ ಅಂತ ಬರೆದರೆ ವಕೀಲರು ಒಪ್ಪಿಯಾರು, ಉಳಿದವರು ಮುಂದಿನ ಸಾಲಿಗೆ ಹೋಗುತ್ತಾರೆ. ಅದು ಬೇಡ.

‘ಜೀತ’ಕ್ಕೆ ಬಿಸಿ ಇದೆ. ಆದರೆ ಜೀತ ಅಂದರೆ ನಮಗೆ ಸಾಲ, ಧಣಿ, ಹೊಲ. ನಮ್ಮ ದೇಶದ 1976ರ ಜೀತ ನಿಷೇಧ ಕಾನೂನು ನಿಲ್ಲಿಸಿದ್ದೂ ಸಾಲಕ್ಕೆ ದುಡಿಸಿಕೊಳ್ಳುವುದನ್ನೇ. ಕೈದಿ ಯಾರ ಹತ್ತಿರವೂ ಸಾಲ ಮಾಡಿಲ್ಲ. ಇನ್ನೊಂದು, ತೆಲುಗಿನವರಿಗೆ ಜೀತಂ ಅಂದರೆ ತಿಂಗಳ ಸಂಬಳ. ಕನ್ನಡದಲ್ಲೂ ಹಿಂದೆ ಆ ಅರ್ಥ ಇತ್ತು.

‘ಬಿಟ್ಟಿ ಚಾಕರಿ’ ಕಿವಿಗೆ ಹಿತವಾಗಿದೆ. ಶಾಸನಗಳಲ್ಲಿ ತೆರಿಗೆಗಳ ಜೊತೆ ಬಿಟ್ಟಿಯ ಹೆಸರೂ ಬರುತ್ತದೆ, ಅಷ್ಟು ಹಳೆಯದು. ಬಲವಂತದ ದುಡಿಮೆಯನ್ನು ನಿಷೇಧಿಸುವ ನಮ್ಮ ಸಂವಿಧಾನದ 23ನೇ ವಿಧಿಯ ಇಂಗ್ಲಿಷ್ ಪಾಠದಲ್ಲೂ ಬಿಟ್ಟಿಗೆ ಹಿಂದಿಯ ಮಾತಾದ ‘ಬೇಗಾರ್’ ಅಂತಲೇ ಇದೆ. ತೊಡಕು ಏನೆಂದರೆ, ಬಿಟ್ಟಿ ಅಂದರೆ ಕೂಲಿ ಇಲ್ಲದ್ದು. ಅಲ್ಲಿನ ಎಷ್ಟೋ ಜೈಲುಗಳಲ್ಲಿ ಗಂಟೆಗೆ ಕೆಲವು ಸೆಂಟ್ ಕೊಡುತ್ತಾರೆ. ಲೂಸಿಯಾನಾದ ಅಂಗೋಲಾ ಜೈಲನ್ನೇ ನೋಡಿ. ಹಿಂದೆ ಅದು ಗುಲಾಮರು ದುಡಿಯುತ್ತಿದ್ದ ತೋಟ. ಇವತ್ತಿಗೂ ಅಲ್ಲಿ ಕೈದಿಗಳು ಸಾಲಾಗಿ ನಿಂತು ಹೊಲದ ಕೆಲಸ ಮಾಡುತ್ತಾರೆ, ಕುದುರೆ ಮೇಲೆ ಬಂದೂಕು ಹಿಡಿದ ಕಾವಲುಗಾರ ಇರುತ್ತಾನೆ. ಒಲ್ಲೆ ಅಂದರೆ ಶಿಕ್ಷೆ. ಕೂಲಿ ಇಲ್ಲ ಅನ್ನುವುದಕ್ಕಿಂತ ಒಲ್ಲೆ ಅನ್ನುವಂತಿಲ್ಲ ಅನ್ನುವುದೇ ಜಾಸ್ತಿ ನೋವಿನದು, ಅಲ್ವಾ? ನಮಗೆ ಬೇಕಾದ ಪದದಲ್ಲಿ ಅದು ಕಾಣಬೇಕು.

ಸದ್ಯ ನನ್ನ ಮನಸ್ಸು ‘ಬಲವಂತದ ಚಾಕರಿ’ ಕಡೆಗಿದೆ. ‘ದುಡಿಮೆ’ ಅಂದರೆ ಬರೀ ಕೆಲಸ. ‘ಚಾಕರಿ’ ಅಂದರೆ ಮೇಲೊಬ್ಬ ಯಜಮಾನ ಇದ್ದಾನೆ ಅಂತ ಗೊತ್ತಾಗುತ್ತದೆ. ಇಲ್ಲಿ ಆ ಯಜಮಾನ ಸರ್ಕಾರ. 1871ರಲ್ಲಿ ವರ್ಜೀನಿಯಾದ ಒಂದು ಕೋರ್ಟು ಕೈದಿಯನ್ನು ಸರ್ಕಾರದ ಗುಲಾಮ ಅಂತಲೇ ಕರೆದಿತ್ತು. ಆದರೆ ‘ಸರ್ಕಾರಿ ಚಾಕರಿ’ ಅಂತ ಒಳ್ಳೆಯ ನೌಕರಿಗೂ ಹೇಳುತ್ತೇವೆ. ಅದರಿಂದ ಗೊಂದಲ ಆಗುತ್ತದೆಯೇ?

ಇನ್ನೊಂದು ಪ್ರಶ್ನೆ ವಾಕ್ಯದ್ದು. ಇಂಗ್ಲಿಷಿನಲ್ಲಿ ವಿನಾಯಿತಿ ಎರಡು ಅಲ್ಪವಿರಾಮಗಳ ನಡುವೆ ಇದೆ, ಕಣ್ಣಿಗೆ ಬೀಳುವುದೇ ಇಲ್ಲ. ಕನ್ನಡದಲ್ಲಿ ಅದು ತಾನಾಗಿ ಮುಂದೆ ಬರುತ್ತದೆ: ‘ಅಪರಾಧ ಸಾಬೀತಾಗಿ ಶಿಕ್ಷೆಯಾದವರನ್ನು ಬಿಟ್ಟು, ಬೇರೆ ಯಾರ ವಿಷಯದಲ್ಲೂ ಗುಲಾಮಗಿರಿಯಾಗಲಿ ಬಲವಂತದ ಚಾಕರಿಯಾಗಲಿ ಇರಕೂಡದು.’ ಹೀಗೆ ಬರೆದರೆ ವಿನಾಯಿತಿ ಎರಡಕ್ಕೂ ತಗಲುತ್ತದೆ. ಮೂಲದಲ್ಲಿ ಅದು ಎರಡಕ್ಕೂ ಸೇರಿದ್ದೋ ಎರಡನೆಯದಕ್ಕೆ ಮಾತ್ರವೋ ಅಂತ ಅಲ್ಲಿಯವರಲ್ಲೇ ವಾದವಿದೆ. ಆ ಅನುಮಾನವನ್ನು ಕನ್ನಡದಲ್ಲೂ ಹಾಗೇ ಉಳಿಸಲು ದಾರಿ ಇದೆಯೇ? ಇದು ಸುಮ್ನೆ ವ್ಯಾಕರಣದ ಮಾತಲ್ಲ. ಈ ವಿನಾಯಿತಿಯ ಆಸರೆಯಲ್ಲೇ ದಕ್ಷಿಣದ ರಾಜ್ಯಗಳು ಬಿಡುಗಡೆಯಾದ ಕರಿಯರನ್ನು ‘ಕೆಲಸವಿಲ್ಲದೆ ಅಲೆಯುತ್ತಿದ್ದಾರೆ’ ಅಂತ ಹಿಡಿದು, ಶಿಕ್ಷೆ ಕೊಟ್ಟು, ಗಣಿ ತೋಟಗಳಿಗೆ ಗುತ್ತಿಗೆ ಕೊಟ್ಟವು. ಅಲಬಾಮಾದಲ್ಲಿ ಅದು ನಿಂತದ್ದು 1928ರಲ್ಲಿ.

ನಮ್ಮ ‘ಕಠಿಣ ಸಜೆ’ಯ ಜೊತೆ ಇದನ್ನು ಬೆರೆಸಬಾರದು ಅನ್ನಿಸುತ್ತದೆ. ಅದರಲ್ಲೂ ಕಡ್ಡಾಯದ ದುಡಿಮೆ ಇದೆ. ಆದರೆ ಆ ದುಡಿಮೆಗೆ ನ್ಯಾಯವಾದ ಕೂಲಿ ಕೊಡಬೇಕು ಅಂತ 1998ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಜೈಲಿನಲ್ಲಿ ಜಾತಿ ನೋಡಿ ಕೆಲಸ ಹಂಚುವುದು 23ನೇ ವಿಧಿಗೆ ವಿರುದ್ಧ ಅಂತ 2024ರಲ್ಲಿ ಹೇಳಿದ್ದೂ ಅದೇ ಕೋರ್ಟು.

ಬೆಳಗಾವಿ, ಕಲಬುರಗಿ ಕಡೆಯವರನ್ನು ವಿಶೇಷವಾಗಿ ಕೇಳುತ್ತೇನೆ. ‘ಬೇಗಾರಿ’ ಅಥವಾ ‘ಬಿಗಾರಿ’ ನಿಮ್ಮಲ್ಲಿ ಇನ್ನೂ ಬಳಕೆಯಲ್ಲಿದೆಯೇ? ಇದ್ದರೆ ಅದರಲ್ಲಿ ಬಲವಂತದ ಅರ್ಥ ಉಳಿದಿದೆಯೇ, ಬರೀ ಕೂಲಿಯವನು ಅಂತ ಆಗಿದೆಯೇ? ಮನೆಯ ಹಿರಿಯರು ಬಳಸುವ ಒಂದೆರಡು ವಾಕ್ಯ ಬರೆದು ಕಳಿಸಿದರೆ ಉಪಕಾರವಾಗುತ್ತದೆ.